ಆಂಕಲ್‌ಗೆ ನಿಮ್ಮ ಕಡೆ ಏನಂತಾರೆ: ಗಿಣ್ಣು, ಹರಡು, ಕಣಕಾಲು?

ಎಲ್ಲರಿಗೂ ನಮಸ್ಕಾರ.

ಕಾಲು ಬಂದು ಪಾದಕ್ಕೆ ಸೇರುವ ಕಡೆ, ಎರಡೂ ಪಕ್ಕ ಮೂಳೆ ಉಬ್ಬಿರುತ್ತದಲ್ಲ, ಆ ಕೀಲಿಗೆ ನಿಮ್ಮ ಮನೆಯಲ್ಲಿ ಏನಂತೀರಿ? ಪುಸ್ತಕದ ಪದ ಬೇಡ. ನೋವಾದಾಗ ಬಾಯಿಗೆ ಬರುವ ಪದ ಬೇಕು.

ಮಂಡ್ಯದ ಹತ್ತಿರ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗಾಲಿನ ಈ ಕೀಲನ್ನೇ ಮುರಿದುಕೊಂಡರು. ಮೈಸೂರಿನಲ್ಲಿ ಆಪರೇಷನ್ ಆಯಿತು. ಹೊರಗಡೆಯ ಮೂಳೆಗೆ ಪ್ಲೇಟು, ಸ್ಕ್ರೂ ಹಾಕಿದ್ದಾರೆ. ಈಗ ನಮ್ಮ ಮನೆಯಲ್ಲೇ ಇದ್ದಾರೆ. ಡಿಸ್ಚಾರ್ಜ್ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿದೆ. ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸೋಣ ಅಂತ ಕೂತರೆ, ಮೊದಲ ಸಾಲಿಗೇ ಪೆನ್ನು ನಿಂತಿತು.

ನಮ್ಮ 'ಕಾಲು' ಬಹಳ ಉದ್ದ. ತೊಡೆ ಸಂದಿಯಿಂದ ಬೆರಳ ತುದಿವರೆಗೆ ಎಲ್ಲವೂ ಕಾಲೇ. 'ಕಾಲಿಗೆ ಆಪರೇಷನ್' ಅಂದರೆ ನೋಡೋಕೆ ಬಂದವರು ಮೊದಲು ಮಂಡಿ ಕಡೆ ಕಣ್ಣು ಹಾಯಿಸುತ್ತಾರೆ. ಹಾಗಂತ ಪದಕ್ಕೆ ಬರ ಇಲ್ಲ. ಅಂಗಾಲು, ತುದಿಗಾಲು, ಹಿಮ್ಮಡಿ, ಮೀನಖಂಡ, ಕುಕ್ಕರಗಾಲು, ದಾಪುಗಾಲು, ಎಲ್ಲ ಇವೆ. ಈ ಒಂದು ಕೀಲಿನ ಹತ್ತಿರ ಬಂದಾಗ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ನಿಘಂಟು ತೆಗೆದರೆ 'ಹರಡು' ಸಿಗುತ್ತದೆ. ಕೈಯ ಮಣಿಕಟ್ಟಿಗೂ ಕಾಲಿನ ಈ ಕೀಲಿಗೂ ಅದೇ ಪದ. ಚೆನ್ನಾಗಿದೆ, ಚಿಕ್ಕದಾಗಿದೆ. ಆದರೆ ಈಗ ಹರಡು ಅಂದರೆ ಎಲ್ಲರಿಗೂ ಹೊಳೆಯೋದು ಚಾಪೆ ಹರಡೋದು, ಸುದ್ದಿ ಹರಡೋದು. 'ಹರಡಿಗೆ ಪಟ್ಟಿ ಸುತ್ತಿ' ಅಂತ ಗೋಡೆ ಮೇಲೆ ಬರೆದರೆ ದೊಡ್ಡಮ್ಮ ಪಟ್ಟಿಯನ್ನು ಹಾಸಿಗೆ ಮೇಲೆ ಹರಡಿಯೇ ಬಿಡುತ್ತಾರೆ.

ಇನ್ನೊಂದು 'ಕಣಕಾಲು'. ಆರೋಗ್ಯದ ಲೇಖನಗಳಲ್ಲಿ ಈ ಕೀಲಿಗೆ ಇದನ್ನು ಬಳಸಿದ್ದು ನೋಡಿದ್ದೇನೆ. ನಮ್ಮ ಕಡೆ ಕಣಕಾಲು ಅಂದರೆ ಮಂಡಿಯ ಕೆಳಗೆ, ಮುಂದುಗಡೆ ಮೂಳೆ ನೇರವಾಗಿ ಕೈಗೆ ಸಿಗುತ್ತದಲ್ಲ, ಆ ಉದ್ದ. ಮೆಡಿಕಲ್ ಶಾಪಿನಲ್ಲಿ 'ಕಣಕಾಲಿಗೆ ಹಾಕೋ ಸಪೋರ್ಟ್ ಕೊಡಪ್ಪ' ಅಂದಾಗ ಅಂಗಡಿಯ ಹುಡುಗ ಮೀನಖಂಡಕ್ಕೆ ಏರಿಸುವ ಎಲಾಸ್ಟಿಕ್ ಕೊಳವೆ ತಂದಿಟ್ಟ. ಅವನ ತಪ್ಪು ಏನೂ ಇಲ್ಲ ಅಲ್ವಾ? ತಮಿಳರಿಗೆ ಈ ಗೊಂದಲ ಇಲ್ಲ. ಅಲ್ಲಿ 'ಕಣು' ಅಂದರೆ ಬಿದಿರಿನ, ಕಬ್ಬಿನ ಗಂಟು. 'ಕಣುಕ್ಕಾಲ್' ಅಂದರೆ ಇದೇ ಕೀಲು. ನಮ್ಮ ಕಣಕಾಲು ಅದರ ನಂಟೋ, ಅಥವಾ ಬಾಣ, ಕೋಲು ಅನ್ನೋ ಅರ್ಥದ 'ಕಣೆ'ಯಿಂದ ಬಂದ ಬೇರೆ ಪದವೋ? ಬಲ್ಲವರು ಬಿಡಿಸಿ ಹೇಳಬೇಕು.

ದೊಡ್ಡಮ್ಮನಿಗೆ ಈ ತಾಪತ್ರಯ ಯಾವುದೂ ಇಲ್ಲ. 'ಗಿಣ್ಣು ತಾವ ಬಾತ್ಕಂಡದೆ ಕಣ್ ಮಗ' ಅನ್ನುತ್ತಾರೆ, ಮುಗಿಯಿತು. ಮಂಡ್ಯ ಸೀಮೆಯಲ್ಲಿ ಗಿಣ್ಣು ಅಂದರೆ ಮೊದಲು ಕಬ್ಬಿನದು. ಬಿತ್ತನೆಗೆ ಕಬ್ಬು ತುಂಡರಿಸುವಾಗ ಗಿಣ್ಣು ನೋಡಿಯೇ ಕತ್ತರಿಸಬೇಕು, ಮೊಳೆಯುವ ಕಣ್ಣು ಇರೋದು ಅಲ್ಲೇ. ಬೆರಳಿಗೂ ಗಿಣ್ಣು, ಕಾಲಿಗೂ ಗಿಣ್ಣು. 'ಒಳಗಿನ ಗಿಣ್ಣು, ಹೊರಗಿನ ಗಿಣ್ಣು' ಅಂತ ಎರಡು ಉಬ್ಬನ್ನೂ ಬೇರೆ ಮಾಡಿ ಹೇಳಬಹುದು. ಇದು ನಿಜಕ್ಕೂ ಬೇಕಾದ ಮಾತು, ಯಾಕೆಂದರೆ ಎರಡೂ ಬೇರೆ ಬೇರೆ ಮೂಳೆಯ ತುದಿಗಳು, ಹೊರಗಿನದು ಸ್ವಲ್ಪ ಕೆಳಗೆ ಇಳಿದಿರುತ್ತದೆ. ಚಕ್ಕಂಬಕ್ಕಳ ಹಾಕಿ ಕೂತರೆ ನೆಲಕ್ಕೆ ಒತ್ತುವುದೂ ಹೊರಗಿನ ಗಿಣ್ಣೇ. ದೊಡ್ಡಮ್ಮನ ಪ್ಲೇಟು ಇರೋದೂ ಅಲ್ಲೇ. ಮೈಸೂರು ಪೇಟೆಯವರಿಗೆ ಗಿಣ್ಣು ಅಂದರೆ ಹಸು ಕರು ಹಾಕಿದಾಗ ಮಾಡುವ ಸಿಹಿ ನೆನಪಾಗುತ್ತದೆ, ಅದೊಂದೇ ತೊಂದರೆ. ಫಿಸಿಯೋಥೆರಪಿ ಮೇಡಂ ಮಾತ್ರ ಪಾಪ 'ಆಂಕಲ್' ಅಂತಲೇ ಹೇಳುತ್ತಾರೆ. 'ಆಂಕಲ್ ನೋವಿದ್ಯಾ ಅಜ್ಜಿ?' ಅಂದಾಗ ದೊಡ್ಡಮ್ಮ ದೊಡ್ಡಪ್ಪನ ಮುಖ ನೋಡಿದರು.

ಇನ್ನು 'ಸಪೋರ್ಟ್'. ಇದಕ್ಕೆ 'ಬೆಂಬಲ' ಅಂತ ಬರೆಯೋದು ನನಗೆ ಒಗ್ಗಲಿಲ್ಲ. ಬೆನ್ನಿಗೆ ಬಲವಾಗಿ ನಿಲ್ಲೋದು ಬೆಂಬಲ, ಅದು ಚುನಾವಣೆಗೆ ಸರಿ. 'ಆಸರೆ' ಪರವಾಗಿಲ್ಲ. ಆದರೆ ಅಂಗಡಿಯಲ್ಲಿ ಡಬ್ಬಗಳನ್ನು ತೆಗೆದು ನೋಡಿದಾಗ ಗೊತ್ತಾಗಿದ್ದು, ಒಂದೇ ಹೆಸರಿನ ಕೆಳಗೆ ಎರಡು ಬೇರೆ ಕೆಲಸದ ಸಾಮಾನು ಇವೆ. ಒಂದು, ಕಾಲುಚೀಲದ ಹಾಗೆ ಏರಿಸುವ ಅಥವಾ ಪಟ್ಟಿಯಾಗಿ ಸುತ್ತುವ ಎಲಾಸ್ಟಿಕ್. ಅದು ಊತವನ್ನು ಒತ್ತಿ ಹಿಡಿಯುತ್ತದೆ, ಬೆಚ್ಚಗಿರುತ್ತದೆ, ಅಷ್ಟೇ. ಪಾದ ಹೊರಳಿದರೆ ಅದರ ಕೈಲಿ ಏನೂ ಆಗೋಲ್ಲ. ಇನ್ನೊಂದಕ್ಕೆ ಎರಡೂ ಪಕ್ಕ ಗಟ್ಟಿ ಪಟ್ಟಿ ಹೊಲಿದಿರುತ್ತಾರೆ, ಮೇಲೆ ವೆಲ್ಕ್ರೋ ಅಥವಾ ದಾರ. ಅದು ಪಾದ ಒಳಕ್ಕೆ ಮಗುಚದಂತೆ ತಡೆದು ಹಿಡಿಯುತ್ತದೆ. ಒತ್ತಿ ಹಿಡಿಯೋದು ಬೇರೆ, ತಡೆದು ಹಿಡಿಯೋದು ಬೇರೆ. ಕನ್ನಡದಲ್ಲಿ ಹೀಗೆ ಎರಡು ಕ್ರಿಯಾಪದ ಹಾಕಿ ಡಾಕ್ಟರನ್ನು ಕೇಳಿದಾಗ ಒಂದೇ ಮಾತಲ್ಲಿ ಉತ್ತರ ಬಂತು: 'ಸದ್ಯಕ್ಕೆ ಬೂಟು. ಅದು ಬಿಟ್ಟ ಮೇಲೆ ತಡೆಯೋದು.' (ಬೂಟು ಅಂದರೆ ಮಾಮೂಲಿ ಶೂ ಅಲ್ಲ, ಆಪರೇಷನ್ ಆದ ಕಾಲು ಅಲುಗದಂತೆ ಹಾಕುವ ಗಟ್ಟಿ ಬೂಟು.) ಅದಕ್ಕೇ ಗೋಡೆ ಚೀಟಿಯಲ್ಲಿ ಒಂದಕ್ಕೆ 'ಒತ್ತುಪಟ್ಟಿ', ಇನ್ನೊಂದಕ್ಕೆ 'ತಡೆಪಟ್ಟಿ' ಅಂತ ಹಾಕಿದ್ದೇನೆ. ಸುಮ್ನೆ ನಾನು ಕಟ್ಟಿದ ಪದಗಳು, ಹಿಡಿಸದಿದ್ದರೆ ಹೊಡೆದುಹಾಕಿ.

'ಕಟ್ಟು' ಅನ್ನೋ ಪದ ಮಾತ್ರ ಬೇಕಂತಲೇ ಬಿಟ್ಟೆ. ಊರಿನಿಂದ ಫೋನ್ ಮಾಡಿದವರಿಗೆ 'ಕಟ್ಟು ಹಾಕಿದ್ದಾರೆ' ಅಂದರೆ ಅವರ ತಲೆಗೆ ಬರೋದು ಮೂಳೆ ಮುರಿದಾಗ ನಾಟಿ ವೈದ್ಯರು ಹಾಕುವ ಪುತ್ತೂರು ಕಟ್ಟು. ಆಮೇಲೆ ಎಣ್ಣೆ ಹಾಕಿ ನೀವೋ ಸಲಹೆ ಶುರುವಾಗುತ್ತದೆ. ಒಳಗೆ ಸ್ಕ್ರೂ ಇರುವ ಕಾಲನ್ನು ನೀವಬಾರದು ಅಂತ ವಿವರಿಸುವಷ್ಟರಲ್ಲಿ ಕಾಫಿ ಆರಿರುತ್ತದೆ.

ನನಗೆ ಖುಷಿಯಾದದ್ದು ಕ್ರಿಯಾಪದಗಳ ವಿಷಯದಲ್ಲಿ. ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಅನ್ನೋದಕ್ಕೆ ಡಾಕ್ಟರುಗಳು ಮೆಟ್ಟಿಲು ಮಾಡಿಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಅದು ಮೂರು ನಾಲ್ಕು ಅಕ್ಷರದ ಸಂಕೇತ, ಮನೆಯವರಿಗೆ ಏನೂ ಅರ್ಥವಾಗೋಲ್ಲ. ನಮ್ಮಲ್ಲಿ 'ಊರು' ಇದೆ. 'ಕಾಲು ಊರಬೇಡಿ' ಅಂದರೆ ನೆಲಕ್ಕೆ ತಾಗಿಸಲೇಬಾರದು. ಈ ಥರದ ಆಪರೇಷನ್ ಆದಮೇಲೆ ಇದು 6 ವಾರದ ಆಸುಪಾಸು ಇರುವುದು ಸಾಮಾನ್ಯ, ಮೂಳೆ ನೋಡಿ ಡಾಕ್ಟರು ಹೆಚ್ಚು ಕಮ್ಮಿ ಮಾಡುತ್ತಾರೆ. ಆಮೇಲೆ 'ಸೋಕಿಸಿ, ಊರಬೇಡಿ'. ಆಮೇಲೆ 'ಸ್ವಲ್ಪ ಭಾರ ಬಿಡಿ'. ಕೊನೆಗೆ 'ಪೂರ್ತಿ ಊರಿ'. ಸ್ವಲ್ಪ ಅಂದರೆ ಎಷ್ಟು ಅಂತ ದೊಡ್ಡಮ್ಮ ಕೇಳಿದ್ದಕ್ಕೆ ಫಿಸಿಯೋ ಮೇಡಂ ತೂಕದ ಮೆಷಿನ್ ತಂದು ಅದರ ಮೇಲೆ ಬಲಗಾಲು ಇಡಿಸಿದರು. ಮುಳ್ಳು 20 ಕೆ.ಜಿ. ತೋರಿಸುವವರೆಗೆ ಒತ್ತಿ, ಆ ಅಂದಾಜು ಕಾಲಿಗೆ ನೆನಪಿರಲಿ ಅಂದರು. ಊರುಗೋಲು ಕೂಡ ಇದೇ ಊರಿನಿಂದ ಬಂದದ್ದು, ಊರುವ ಕೋಲು. ಸಂಸ್ಕೃತದ ಊರು ಅಂದರೆ ತೊಡೆ, ದುರ್ಯೋಧನನಿಗೆ ಮುರಿದದ್ದು ಅದು. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಸದ್ಯ ಚೀಟಿಯಲ್ಲಿ ಇರುವ ಸಾಲುಗಳನ್ನು ಇಲ್ಲಿ ಇಡುತ್ತೇನೆ, ಭಾಷೆ ಎಲ್ಲಿ ಎಡವಿದೆ ನೋಡಿ:

'ಬೂಟು ಹಾಕುವ ಮುಂಚೆ ಹತ್ತಿಯ ಕಾಲುಚೀಲ ಹಾಕಿ. ಹಿಮ್ಮಡಿ ಹಿಂದಕ್ಕೆ ಪೂರ್ತಿ ಕೂತ ಮೇಲೆ ಪಟ್ಟಿ ಎಳೆಯಿರಿ. ಒತ್ತುಪಟ್ಟಿ ಸುತ್ತುವಾಗ ಬೆರಳ ಬುಡದಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಗಿಣ್ಣಿನ ಹತ್ತಿರ ಎಂಟರ ಆಕಾರದಲ್ಲಿ ಸುತ್ತಿ. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚಲಿ. ಬೆರಳ ತುದಿ ಕಾಣುತ್ತಿರಲಿ. ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ತಕ್ಷಣ ಬಿಚ್ಚಿ. ಬಿಚ್ಚಿದ ಮೇಲೂ ಸರಿಹೋಗದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ.'

'ಸುತ್ತು' ಎರಡು ಅರ್ಥದಲ್ಲಿ ಒತ್ತೊತ್ತಾಗಿ ಬಂದಿದೆ, ಅದು ನನಗೂ ಕಿವಿಗೆ ಬಡಿಯುತ್ತಿದೆ. 'ಜೋಮು' ಎಲ್ಲ ಕಡೆ ನಡೆಯುತ್ತದಾ, ಅಥವಾ 'ಮರಗಟ್ಟಿದರೆ' ಅನ್ನಬೇಕಾ? ನನ್ನ ಕಿವಿಗೆ ಜೋಮು ಅಂದರೆ ಚುಮುಚುಮು, ಮರಗಟ್ಟೋದು ಅಂದರೆ ಮುಟ್ಟಿದ್ದೇ ಗೊತ್ತಾಗದಿರೋದು. ಇಲ್ಲಿ ಎರಡೂ ಬೇಕು.

ಅಳತೆಯ ಸಾಲು ಒಂದು ಬಾಕಿ ಇದೆ. ನಾವು ನೋಡಿದ ತಡೆಪಟ್ಟಿಗಳಿಗೆ ಗಿಣ್ಣಿನ ಸ್ವಲ್ಪ ಮೇಲೆ ಟೇಪು ಸುತ್ತಿ ಸೆಂಟಿಮೀಟರ್ ಲೆಕ್ಕದಲ್ಲಿ ಸೈಜು. ಬೂಟಿಗೆ ಚಪ್ಪಲಿ ಸೈಜು. ಬೂಟಿನ ಅಟ್ಟೆ ದಪ್ಪ ಇರುವುದರಿಂದ ಇನ್ನೊಂದು ಕಾಲಿಗೂ ಅಷ್ಟೇ ಎತ್ತರದ ಚಪ್ಪಲಿ ಬೇಕು, ಇಲ್ಲದಿದ್ದರೆ ಸೊಂಟ ಹಿಡಿದುಕೊಳ್ಳುತ್ತದೆ. ದೊಡ್ಡಮ್ಮ ಮೊದಲ ದಿನವೇ 'ಒಂದು ಕಾಲು ದಿಣ್ಣೇಲಿ, ಒಂದು ಕಾಲು ಹಳ್ಳದಲ್ಲಿ' ಅಂದರು. ಎತ್ತರ ಹೊಂದಿಸಲು ಚಪ್ಪಲಿಗೆ ಕೆಳಗೆ ಹೆಚ್ಚುವರಿ ಪದರ ಅಂಟಿಸಿಕೊಡುತ್ತಾರಲ್ಲ, ಅದಕ್ಕೆ ಚಪ್ಪಲಿ ಹೊಲಿಯುವವರು ಬಳಸುವ ಪದ ಯಾರಿಗಾದರೂ ಗೊತ್ತಾ? 'ಅಟ್ಟೆ ಏರಿಸೋದು' ಅಂತ ಬರೆಯೋಣ ಅಂತಿದ್ದೇನೆ.

ಕರಾವಳಿಯವರು, ಧಾರವಾಡ ಕಡೆಯವರು, ಮಲೆನಾಡಿನವರು ಮುಖ್ಯವಾಗಿ ಆ ಕೀಲಿನ ಪದ ಬರೆಯಿರಿ. ಮನೆಯಲ್ಲಿ ಹಿರಿಯರು ಇದ್ದರೆ ಪದ ಹೇಳಿಕೊಡದೆ, ಬರೀ ಬೆರಳಿಟ್ಟು ತೋರಿಸಿ ಕೇಳಿ. 'ಹರಡು' ಇನ್ನೂ ಬಾಯಲ್ಲಿ ಉಳಿದಿರುವ ಊರು ಯಾವುದಾದರೂ ಇದ್ದರೆ ತಾಲೂಕಿನ ಹೆಸರು ಸಮೇತ ತಿಳಿಸಿ. ಅಲ್ಲಿಯವರೆಗೆ ನಮ್ಮ ಗೋಡೆ ಮೇಲೆ ಗಿಣ್ಣೇ ಇರಲಿ.