ಸ್ಪ್ರಿಂಗ್ ಬ್ಯಾಲೆನ್ಸ್‌ನಲ್ಲಿ ಘರ್ಷಣೆ ಅಳೆದ್ರೆ ಪ್ರತಿ ಸಲ ಬೇರೆ ಬೇರೆ ರೀಡಿಂಗ್, ಏನ್ ಮಾಡೋದು?

ಮೂಡಿಗೆರೆ ಮೇಡಂ:
ಎಂಟನೇ ಕ್ಲಾಸಿಗೆ ಘರ್ಷಣೆ ಪಾಠ ನಡೀತಿದೆ. 200 ಗ್ರಾಂ ಮರದ ಬ್ಲಾಕಿಗೆ ಸ್ಪ್ರಿಂಗ್ ಬ್ಯಾಲೆನ್ಸ್ ಸಿಕ್ಕಿಸಿ ಬೆಂಚ್ ಮೇಲೆ ಎಳೆಸ್ತಿದೀನಿ, ಒಬ್ಬ 0.9 ನ್ಯೂಟನ್ ಅಂತಾನೆ ಇನ್ನೊಬ್ಳು 0.6 ಅಂತಾಳೆ, ಮುಳ್ಳು ಒಂದ್ಕಡೆ ನಿಲ್ಲೋದೇ ಇಲ್ಲ, ಬ್ಲಾಕು ತಡೆದು ತಡೆದು ಹೋಗುತ್ತೆ. ಮಳೆ ಬೇರೆ ಬಿಟ್ಟಿಲ್ಲ, ಬೆಂಚೆಲ್ಲ ತಂಡಿ ಹಿಡಿದಿದೆ, ಅದಕ್ಕೇನಾ? ಯಾವ್ದು ಸರಿ ಮಿಸ್ ಅಂತ ಮಕ್ಕಳು ಬಿಡ್ತಿಲ್ಲ.

ಹಾಸನ ಪಿಯು ಲೆಕ್ಚರರ್:
ಎರಡೂ ಸರಿ ಇರ್ಬಹುದು ಮೇಡಂ. ಬ್ಲಾಕ್ ಕದಲೋ ಕ್ಷಣಕ್ಕೆ ಮುಳ್ಳು ಎಲ್ಲಿವರೆಗೆ ಹೋಯ್ತೋ ಅದು ಸ್ಥಾಯಿ ಘರ್ಷಣೆಯ ಗರಿಷ್ಠ, ಹೊರಟ ಮೇಲೆ ತೋರ್ಸೋದು ಜಾರು ಘರ್ಷಣೆ, ಅದು ಸಾಮಾನ್ಯವಾಗಿ ಕಮ್ಮಿನೇ. ತಡೆದು ತಡೆದು ಹೋಗೋದೂ ಇದಕ್ಕೇ, ಸ್ಪ್ರಿಂಗ್ ಹಿಗ್ಗುತ್ತೆ, ಬ್ಲಾಕು ಚಿಮ್ಮಿ ಮುಂದೆ ಬರುತ್ತೆ, ಸ್ಪ್ರಿಂಗ್ ಕುಗ್ಗಿದ ತಕ್ಷಣ ಮತ್ತೆ ನಿಲ್ಲುತ್ತೆ. ತಂಡಿಗೆ ಮರದ ಮೇಲ್ಮೈ ಬದಲಾಗೋದು ನಿಜ, ಆದ್ರೆ ಎರಡು ನಿಮಿಷದೊಳಗೆ ಇಷ್ಟು ಏರಿಳಿತ ಅದರಿಂದ ಬರಲ್ಲ.

ಬ್ಲಾಕ್ ಎಳೆಯೋದು ಬಿಡಿ, ಕೆಳಗಿನ ಹಲಗೆ ಎಳೀರಿ! ಬ್ಯಾಲೆನ್ಸನ್ನ ಗೋಡೆ ಮೊಳೆಗೋ ಬೀರು ಹಿಡಿಗೋ ಕಟ್ಟಿ ಬ್ಲಾಕನ್ನ ಅದಕ್ಕೆ ಸಿಕ್ಕಿಸಿ, ಬ್ಲಾಕಿನ ಅಡಿಯಿಂದ ಉದ್ದದ ಹಲಗೆನ ಒಬ್ರು ಜಾರಿಸ್ಕೊಂಡು ಹೋಗ್ಲಿ. ಬ್ಲಾಕು ಬ್ಯಾಲೆನ್ಸು ನಿಂತಲ್ಲೇ ಇರ್ತವೆ, ಮುಳ್ಳು ಆರಾಮಾಗಿ ಓದ್ಬಹುದು, ವೇಗ ಚೂರು ಹೆಚ್ಚುಕಮ್ಮಿ ಆದ್ರೂ ಜಾರು ಘರ್ಷಣೆ ಅಷ್ಟೇನೂ ಬದಲಾಗಲ್ಲ. ದಾರ ಮಾತ್ರ ಹಲಗೆಗೆ ಸಮಾಂತರ ಇರ್ಲಿ, ಮೇಲಕ್ಕೆ ಎಳೆದ್ರೆ ಬ್ಲಾಕು ಹಲಗೆನ ಒತ್ತೋ ಬಲ ಕಮ್ಮಿಯಾಗಿ ಘರ್ಷಣೆನೂ ಇಳಿಯುತ್ತೆ. ಇನ್ನೊಂದು, ಬ್ಯಾಲೆನ್ಸ್ ಅಡ್ಡ ಹಿಡಿದಾಗ ಕೊಕ್ಕೆ ತೂಕ ಸ್ಪ್ರಿಂಗ್ ಮೇಲೆ ಬೀಳಲ್ಲ, ಸೊನ್ನೆ ಸರಿದಿರುತ್ತೆ, ಖಾಲಿ ಇದ್ದಾಗ ಮೊದಲು ನೋಡ್ಕೊಳ್ಳಿ.

ಮೂಡಿಗೆರೆ ಮೇಡಂ:
ಬೀರು ಹಿಡಿಗೆ ಕಟ್ಟಿ ಮಾಡಿದ್ವಿ ಸರ್, ಮುಳ್ಳು 0.6 ಹತ್ರ ನಿಂತೇ ಬಿಡ್ತು!! ಬ್ಲಾಕಿನ ಮೇಲೆ ಅಂಥದ್ದೇ ಇನ್ನೊಂದು ಇಟ್ರೆ 1.2. ಬ್ಲಾಕನ್ನ ಪಕ್ಕಕ್ಕೆ ಮಲಗಿಸಿದ್ರೂ ಹೆಚ್ಚುಕಮ್ಮಿ ಅಷ್ಟೇ ಬರ್ತಿದೆ, ಮಕ್ಕಳು ನಂಬ್ತಾನೇ ಇಲ್ಲ. ಸ್ಥಾಯಿ ಘರ್ಷಣೆಗೆ ಬೇರೆ ದಾರಿ ಇದ್ಯಾ?

ಕಡೂರು:
ಇದೆ ಮೇಡಂ, ಬ್ಯಾಲೆನ್ಸೇ ಬೇಡ. ಬ್ಲಾಕ್ ಇಟ್ಟು ಹಲಗೆಯ ಒಂದು ತುದಿನ ನಿಧಾನಕ್ಕೆ ಎತ್ತಿ, ಜಾರೋಕೆ ಶುರುವಾದ ತಕ್ಷಣ ಎತ್ತಿದ ತುದಿಯ ಎತ್ತರನ ನೆಲದ ಮೇಲಿನ ಅಡ್ಡ ಅಳತೆಯಿಂದ ಭಾಗಿಸಿ, ಅದೇ ಸ್ಥಾಯಿ ಘರ್ಷಣೆಯ ಗುಣಾಂಕ, ಅಂದ್ರೆ ಗರಿಷ್ಠ ಘರ್ಷಣೆ ಬ್ಲಾಕಿನ ತೂಕದ ಎಷ್ಟು ಪಾಲು ಅನ್ನೋ ಸಂಖ್ಯೆ, ಕೋನಮಾಪಕನೂ ಬೇಡ. ನಿಮ್ಮ 0.9ನ್ನ ಬ್ಲಾಕಿನ ತೂಕ ಸುಮಾರು 2 ನ್ಯೂಟನ್‌ನಿಂದ ಭಾಗಿಸಿದ್ರೆ 0.45, ಅಂದ್ರೆ ಅಡ್ಡ 45 ಸೆಂಟಿಮೀಟರ್ ಇದ್ರೆ ಎತ್ತರ 20ರ ಆಸುಪಾಸಲ್ಲಿ ಜಾರ್ಬೇಕು. ಬೆಂಚಿನ ಬದಲು ಅದೇ ಹಲಗೆ ಮೇಲೆ ಎರಡೂ ಮಾಡಿ, ಆಗ್ಲೇ ಹೋಲಿಸೋಕೆ ಆಗೋದು.