ಹಂಚಿಕೊಂಡ ಬೇಟೆ ಜಮೀನಿನಲ್ಲಿ ಹಕ್ಕಿ ಬೇಟೆಯ ನಾಯಿಗಳು: ನಿಯಮಗಳು ಹೇಗಿರಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಟೆಕ್ಸಸ್‌ನ ಅಬಿಲೀನ್‌ ಪಟ್ಟಣದ ಉತ್ತರಕ್ಕಿರುವ ಖಾಸಗಿ ರಾಂಚ್ (ದನ ಮೇಯಿಸುವ ದೊಡ್ಡ ಜಮೀನು) ಒಂದನ್ನು ನಾವು ಆರು ಮಂದಿ ಸೇರಿ ಬೇಟೆಗಾಗಿ ಗುತ್ತಿಗೆಗೆ ಪಡೆದಿದ್ದೇವೆ. ಮೂವರು ಜಿಂಕೆ ಬೇಟೆಯವರು, ಉಳಿದ ಮೂವರು ಬಾಬ್‌ವೈಟ್ ಲಾವಕ್ಕಿಗಾಗಿ ಬರುವವರು. ನನ್ನದು ಬ್ರಿಟನಿ ತಳಿಯ ನಾಯಿ, ಇನ್ನೊಬ್ಬರಲ್ಲಿ ಹಕ್ಕಿಯ ವಾಸನೆ ಹಿಡಿದು ನಿಂತು ಸೂಚಿಸುವ ಎರಡು ಪಾಯಿಂಟರ್‌ಗಳಿವೆ, ಮೂರನೆಯವರದು ಲ್ಯಾಬ್ರಡಾರ್. ಗುತ್ತಿಗೆ ಪತ್ರದಲ್ಲಿ ನಾಯಿಗಳಿಗೆ ಅನುಮತಿ ಇದೆ ಎಂಬ ಒಂದೇ ಸಾಲಿರುವುದರಿಂದ, ಯಾರು ಯಾವಾಗ ಎಲ್ಲಿ ನಾಯಿ ಬಿಡಬೇಕೆಂಬುದರ ಮೇಲೆ ಕಳೆದ ಋತುವಿನಲ್ಲಿ ಮನಸ್ತಾಪಗಳಾದವು. ಒಬ್ಬರು ಎಷ್ಟು ನಾಯಿಗಳನ್ನು ತರಬಹುದು, ಯಾವ ತಳಿಗೆ ಅವಕಾಶ ಕೊಡಬೇಕು ಎಂಬುದನ್ನು ಬರಹದಲ್ಲಿ ಇಡಬೇಕೆಂದಿದ್ದೇವೆ. ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1

ತಳಿ ಮತ್ತು ಸಂಖ್ಯೆಯಿಂದ ಆರಂಭಿಸಿದರೆ ಚರ್ಚೆ ಮುಗಿಯುವುದೇ ಇಲ್ಲ. ನೀವು ಹಂಚಿಕೊಳ್ಳುತ್ತಿರುವುದು ಜಮೀನನ್ನಷ್ಟೇ ಅಲ್ಲ, ಅದರಲ್ಲಿರುವ ಹಕ್ಕಿಗಳ ಹಿಂಡುಗಳನ್ನು. ಬೆಳಿಗ್ಗೆ ಒಬ್ಬರು ಎಬ್ಬಿಸಿ ಚದುರಿಸಿದ ಹಿಂಡನ್ನೇ ಮಧ್ಯಾಹ್ನ ಇನ್ನೊಬ್ಬರ ನಾಯಿ ಹುಡುಕಿ ಎಬ್ಬಿಸಿತೆಂದರೆ ತಪ್ಪು ನಾಯಿಯದಲ್ಲ, ಲೆಕ್ಕ ಇಡದವರದು. ಆದ್ದರಿಂದ ಗೇಟಿನ ಬಳಿ ಜಮೀನಿನ ನಕ್ಷೆ ಅಂಟಿಸಿದ ಒಂದು ಹಲಗೆ ಇಡಿ. ಯಾವ ಹುಲ್ಲುಗಾವಲಿಗೆ ಯಾರು ಹೋದರು, ಎಷ್ಟು ಹಿಂಡು ಕಂಡವು, ಎಷ್ಟು ಹಕ್ಕಿ ಹೊಡೆದರು, ಗಾಯಗೊಂಡು ಸಿಗದೆ ಹೋದವು ಎಷ್ಟು ಎಂಬುದನ್ನು ಹೊರಡುವ ಮುನ್ನ ಬರೆಯುವುದು ಕಡ್ಡಾಯವಾಗಲಿ. ಒಮ್ಮೆ ನಾಯಿ ಓಡಾಡಿದ ಭಾಗಕ್ಕೆ ಅದೇ ವಾರ ಮತ್ತೊಬ್ಬರು ಹೋಗುವಂತಿಲ್ಲ ಎಂದು ನಿಗದಿಪಡಿಸಿ.

ಟೆಕ್ಸಸ್‌ನಲ್ಲಿ ದಿನಕ್ಕೆ ಒಬ್ಬರಿಗೆ 15 ಲಾವಕ್ಕಿಗಳ ಮಿತಿ ಇದೆ. ಅದು ಕಾನೂನಿನ ಗರಿಷ್ಠ ಮಿತಿಯೇ ಹೊರತು ನಿಮ್ಮ ಜಮೀನು ತಾಳಿಕೊಳ್ಳುವ ಲೆಕ್ಕವಲ್ಲ. ಮಳೆ ಕೈಕೊಟ್ಟ ವರ್ಷ ಮೂವರೂ ಆ ಮಿತಿಯವರೆಗೆ ಹೊಡೆಯುತ್ತಾ ಹೋದರೆ ಮುಂದಿನ ವರ್ಷ ನಾಯಿಗಳಿಗೆ ವ್ಯಾಯಾಮ ಮಾತ್ರ ಸಿಗುತ್ತದೆ. ಹಿಂಡಿನಲ್ಲಿ ಏಳೆಂಟು ಹಕ್ಕಿಗಳಷ್ಟೇ ಉಳಿದಿದ್ದರೆ ಕೋವಿ ಎತ್ತಬಾರದೆಂಬ ನಿಯಮವನ್ನು ನಾನು ಬಲವಾಗಿ ಬೆಂಬಲಿಸುತ್ತೇನೆ.

ಸಂಜೆಯ ವಿಷಯವನ್ನಂತೂ ಬಿಡಬೇಡಿ. ಈ ಹಕ್ಕಿಗಳು ರಾತ್ರಿ ನೆಲದ ಮೇಲೆ ದುಂಡಗೆ, ಬಾಲಗಳನ್ನು ಒಳಗೆ ಮಾಡಿ ತಲೆಗಳನ್ನು ಹೊರಗಿಟ್ಟು, ಮೈಗೆ ಮೈ ತಾಗಿಸಿಕೊಂಡು ಕೂರುತ್ತವೆ. ಕತ್ತಲಾಗುವ ಹೊತ್ತಿಗೆ ಚದುರಿದ ಹಕ್ಕಿ ಗುಂಪು ಸೇರಲಾಗದಿದ್ದರೆ ಚಳಿಯ ರಾತ್ರಿಯಲ್ಲಿ ಅದಕ್ಕೆ ಆ ಬಿಸಿಯ ಆಸರೆ ತಪ್ಪುತ್ತದೆ. ಸೂರ್ಯಾಸ್ತಕ್ಕೆ ಒಂದು ಗಂಟೆಗೂ ಮೊದಲೇ ನಾಯಿಗಳು ವಾಹನದಲ್ಲಿರಬೇಕು. ಬೇಸಿಗೆಯಲ್ಲಿ ಅವು ನೆಲದಲ್ಲೇ ಗೂಡು ಕಟ್ಟುವುದರಿಂದ, ಆ ತಿಂಗಳುಗಳಲ್ಲಿ ತರಬೇತಿಯ ಹೆಸರಿನಲ್ಲಿಯೂ ನಾಯಿಗಳನ್ನು ಬಿಡಬಾರದು.

ಉತ್ತರ 2

ನಾನು ಜಿಂಕೆ ಬೇಟೆಯ ಕಡೆಯವನು. ಜಿಂಕೆಯ ಮುಖ್ಯ ಋತು ನವೆಂಬರ್‌ನಿಂದ ಜನವರಿ ಆರಂಭದವರೆಗೆ ಇರುತ್ತದೆ. ಲಾವಕ್ಕಿಯದು ಫೆಬ್ರವರಿ ಕೊನೆಯವರೆಗೂ ಸಾಗುತ್ತದೆ. ಹಾಗಾಗಿ ಜಿಂಕೆ ಋತುವಿನಲ್ಲಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಮಾತ್ರ ನಾಯಿಗಳಿಗೆ ಅವಕಾಶ ಕೊಟ್ಟು, ಆಮೇಲಿನ ಏಳೆಂಟು ವಾರಗಳಲ್ಲಿ ಇಡೀ ಜಮೀನನ್ನು ಹಕ್ಕಿಯವರಿಗೆ ಬಿಟ್ಟುಕೊಡುವುದು ನ್ಯಾಯವಾದ ಹಂಚಿಕೆ. ಹಕ್ಕಿಯವರೂ ದುಡ್ಡು ಕೊಟ್ಟಿಲ್ಲವೇ ಎಂದು ಕೇಳಬಹುದು. ಆದರೆ ಜಿಂಕೆಗಾಗಿ ಬೆಳಗಿನ ಜಾವದಿಂದ ಕದಲದೆ ಕೂತವನ ಮುಂದೆ ಪಾಯಿಂಟರ್ ಓಡಿಹೋದರೆ ಅವನ ಆ ದಿನ ಮುಗಿದಂತೆಯೇ. ನಾಯಿಯ ಹಿಂದೆ ಹೋಗುವವರೆಲ್ಲರೂ ಕಿತ್ತಳೆ ಬಣ್ಣದ ಮೇಲಂಗಿ ತೊಡಲಿ, ನಾಯಿಗೂ ಅದೇ ಬಣ್ಣದ ಪಟ್ಟಿ ಇರಲಿ.

ಪ್ರಶ್ನೆ ಕೇಳಿದವರು

ಹಲಗೆಯ ಸಲಹೆ ಬಹಳ ಹಿಡಿಸಿತು. ಇನ್ನೆರಡು ಸಂದೇಹಗಳಿವೆ. ನಾಯಿ ಬೇಲಿ ದಾಟಿ ಪಕ್ಕದ ಜಮೀನಿಗೆ ಹೋದರೆ ಏನು ಮಾಡಬೇಕು? ಲ್ಯಾಬ್ರಡಾರ್ ಮತ್ತು ಪಾಯಿಂಟರ್‌ಗಳನ್ನು ಜೊತೆಯಾಗಿ ಬಿಡಬಹುದೇ?

ಉತ್ತರ 3

ಬೇಲಿಯ ಮಾತು ಸರಳ. ಹೊಡೆದ ಹಕ್ಕಿಯನ್ನು ತರಲೆಂದರೂ ಪಕ್ಕದ ಮಾಲೀಕರ ಒಪ್ಪಿಗೆಯಿಲ್ಲದೆ ಟೆಕ್ಸಸ್‌ನಲ್ಲಿ ಅವರ ಜಮೀನಿಗೆ ಕಾಲಿಡುವಂತಿಲ್ಲ. ಋತು ಆರಂಭವಾಗುವ ಮೊದಲೇ ಅವರನ್ನು ಕಂಡು ಮಾತನಾಡಿ, ಫೋನ್ ನಂಬರ್ ಅನ್ನು ಆ ಹಲಗೆಯ ಮೇಲೆ ಬರೆದಿಡಿ. ದೂರ ಓಡುವ ನಾಯಿಗಳಿಗೆ ಜಿಪಿಎಸ್ ಪಟ್ಟಿ ಕಡ್ಡಾಯ ಮಾಡಿ.

ಎರಡನೆಯದಕ್ಕೆ ನನ್ನ ಉತ್ತರ, ಜೊತೆಯಾಗಿ ಬೇಡ. ಪಾಯಿಂಟರ್ ವಾಸನೆ ಹಿಡಿದು ಒಂದು ಮುಂಗಾಲನ್ನು ಮಡಚಿ, ಬಾಲ ಸೆಟೆದು ನಿಂತ ಕ್ಷಣದಲ್ಲಿ ಲ್ಯಾಬ್ರಡಾರ್ ಪೊದೆಗೆ ನುಗ್ಗಿದರೆ, ಬೇಟೆಗಾರ ತಲುಪುವ ಮೊದಲೇ ಹಕ್ಕಿಗಳು ಎದ್ದುಹೋಗುತ್ತವೆ. ಲ್ಯಾಬ್ರಡಾರ್ ಒಡೆಯನ ಪಕ್ಕದಲ್ಲೇ ಇದ್ದು, ಬಿದ್ದ ಹಕ್ಕಿಯನ್ನು ಹೆಕ್ಕಿ ತರಲು ಮಾತ್ರ ಹೋಗಬಲ್ಲುದಾದರೆ ಮಾತು ಬೇರೆ. ಆಗಲೂ ನೆಲಕ್ಕೆ ಹತ್ತಿರ ಹಾರುವ ಹಕ್ಕಿಗೆ ಗುಂಡು ಹಾರಿಸಬಾರದೆಂಬುದನ್ನು ಬರಹದಲ್ಲೇ ಇಡಿ. ಅದರ ಬೆನ್ನಿಗೇ ನಾಯಿ ನೆಗೆದಿರುತ್ತದೆ.

ಯಾರೂ ಹೇಳದ ಒಂದು ಅಂಶವನ್ನು ಸೇರಿಸುತ್ತೇನೆ. ಕಯೋಟಿ (ತೋಳವನ್ನು ಹೋಲುವ ಕಾಡುಪ್ರಾಣಿ) ಮತ್ತು ಕಾಡುಹಂದಿಗಳಿಗಾಗಿ ಬೇಲಿಯ ಅಡಿಯ ಕಿಂಡಿಗಳಲ್ಲಿ ಉಕ್ಕಿನ ತಂತಿಯ ಉರುಳುಗಳನ್ನು ಒಡ್ಡಿರುತ್ತಾರೆ. ನಿಮ್ಮ ರಾಂಚ್‌ನಲ್ಲಿ ಅವು ಎಲ್ಲೆಲ್ಲಿವೆ ಎಂದು ಮಾಲೀಕರಿಂದ ತಿಳಿದು ನಕ್ಷೆಯಲ್ಲಿ ಗುರುತು ಹಾಕಿ. ಕೊರಳಿಗೆ ಉರುಳು ಬಿದ್ದ ನಾಯಿ ಎಳೆದಾಡಿದಷ್ಟೂ ಅದು ಬಿಗಿಯುತ್ತದೆ. ತಂತಿ ಕತ್ತರಿಸುವ ಇಕ್ಕಳ ವಾಹನದಲ್ಲಿದ್ದರೆ ಪ್ರಯೋಜನವಿಲ್ಲ. ಪ್ರತಿಯೊಬ್ಬರ ಮೇಲಂಗಿಯ ಜೇಬಿನಲ್ಲೇ ಇರಬೇಕು, ಮತ್ತು ಅದು ಹೆಣೆದ ಉಕ್ಕಿನ ಕೇಬಲ್ ಕತ್ತರಿಸುವಂಥದ್ದೇ ಆಗಿರಬೇಕು.