2010ರ ಜಾಗ್ವಾರ್ ಎಕ್ಸ್‌ಕೆಆರ್ ಕೊಂಡು ದಾವಣಗೆರೆಯಲ್ಲಿ ಇಟ್ಟುಕೊಳ್ಳುವುದು: ಪುಲ್ಲಿಯನ್ನು ಈಗಲೇ ಬದಲಿಸಬೇಕೇ?

ವಿದ್ಯಾನಗರ_ಕೆಎ17, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ನೋಂದಣಿಯಾದ 2010ರ ಜಾಗ್ವಾರ್ ಎಕ್ಸ್‌ಕೆಆರ್ ಕೂಪೆಯೊಂದು ಮಾರಾಟಕ್ಕೆ ಬಂದಿದೆ. 5.0 ಲೀಟರ್ ವಿ8 ಎಂಜಿನ್, ಅದರ ಮೇಲೊಂದು ಸೂಪರ್‌ಚಾರ್ಜರ್ (ಎಂಜಿನ್ನಿನ ಬೆಲ್ಟಿನಿಂದ ತಿರುಗಿ ಒಳಕ್ಕೆ ಹೆಚ್ಚು ಗಾಳಿ ತಳ್ಳುವ ಸಾಧನ), ಕಂಪನಿಯ ಲೆಕ್ಕದಲ್ಲಿ 510 ಪಿಎಸ್ ಶಕ್ತಿ ಮತ್ತು 625 ಎನ್‌ಎಂ ಟಾರ್ಕ್. ಜಾಗ್ವಾರ್ 2009ರಲ್ಲಿ ಭಾರತಕ್ಕೆ ಬಂದಾಗ ತಂದ ಮೊದಲ ಮಾದರಿಗಳಲ್ಲಿ ಇದೂ ಒಂದಾಗಿತ್ತು, ಆಗಿನಿಂದ ಈ ಕಾರಿನ ಮೇಲೆ ನನಗೆ ಮನಸ್ಸಿದೆ. ಟರ್ಬೊ ಕಾರುಗಳನ್ನು ಓಡಿಸಿದ್ದೇನೆ. ಆದರೆ ಆಕ್ಸಿಲರೇಟರ್ ಮೇಲೆ ಕಾಲಿಟ್ಟ ಕ್ಷಣಕ್ಕೇ ಎಳೆತ ಸಿಗುವ ಸೂಪರ್‌ಚಾರ್ಜರ್‌ನ ಗುಣ ಅವುಗಳಲ್ಲಿ ಸಿಗಲಿಲ್ಲ.

ಕಾರು ನೋಡಲು ಚೆನ್ನಾಗಿದೆ, ಸರ್ವೀಸ್ ದಾಖಲೆಗಳು ಮುಕ್ಕಾಲು ಪಾಲು ಸಿಕ್ಕಿವೆ. ನೋಂದಣಿಯ 15 ವರ್ಷದ ಅವಧಿ ಮುಗಿದಿದ್ದು, ಮಾಲೀಕರು ಇನ್ನೂ ನವೀಕರಿಸಿಲ್ಲ. ಕೊಂಡ ಕೂಡಲೇ ಸೂಪರ್‌ಚಾರ್ಜರ್‌ಗೆ ಸಣ್ಣ ಪುಲ್ಲಿ (ಬೆಲ್ಟ್ ತಿರುಗಿಸುವ ಗಾಲಿ) ಹಾಕಿಸಿ, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುವನ್ನು ಹೆಚ್ಚು ಶಕ್ತಿಗೆ ರೀಮ್ಯಾಪ್ ಮಾಡಿಸಿ, ಸೈಲೆನ್ಸರ್ ಬದಲಿಸಬೇಕೆಂಬುದು ನನ್ನ ಯೋಜನೆ. ನಮ್ಮೂರಿನಲ್ಲಿ ಈ ಕಾರನ್ನು ಬಿಚ್ಚಿ ಜೋಡಿಸುವವರಿಲ್ಲ, ಏನೇ ಆದರೂ 260 ಕಿಲೋಮೀಟರ್ ದೂರದ ಬೆಂಗಳೂರಿಗೇ ಹೋಗಬೇಕು ಎಂಬುದು ಗೊತ್ತಿದೆ. ಹೀಗಿರುವಾಗ ಮೊದಲು ಯಾವುದಕ್ಕೆ ಹಣ ಹಾಕಬೇಕು, ಕೊಳ್ಳುವ ಮುನ್ನ ಏನನ್ನು ನೋಡಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಕೋಟೆನಾಡಿನ_ಮೆಕ್ಯಾನಿಕ್, ಚಿತ್ರದುರ್ಗ

ಸರ್, ಪುಲ್ಲಿಯ ಮಾತನ್ನು ಸದ್ಯಕ್ಕೆ ಬದಿಗಿಡಿ. ಈ ಎಂಜಿನ್ನಿನ ಅಳಿವು ಉಳಿವು ಮೊದಲು ಟೈಮಿಂಗ್ ಚೈನ್ (ಕ್ರ್ಯಾಂಕ್ ಜೊತೆ ಕ್ಯಾಮನ್ನು ತಿರುಗಿಸಿ ವಾಲ್ವುಗಳನ್ನು ಸಮಯಕ್ಕೆ ಸರಿಯಾಗಿ ತೆರೆಸುವ ಸರಪಳಿ) ಮೇಲೆ, ಆಮೇಲೆ ಸೂಪರ್‌ಚಾರ್ಜರ್‌ನ ಅಡಿಯಲ್ಲಿ ಕಣ್ಣಿಗೆ ಬೀಳದಂತೆ ಕುಳಿತಿರುವ ಪ್ಲಾಸ್ಟಿಕ್ ಪೈಪುಗಳ ಮೇಲೆ ನಿಂತಿದೆ. ಬೆಂಗಳೂರಿನ ವರ್ಕ್‌ಶಾಪಿನಲ್ಲಿ ಇದೇ 5.0 ಲೀಟರ್ ಎಂಜಿನ್ನಿನ ಜಾಗ್ವಾರ್ ಮತ್ತು ರೇಂಜ್ ರೋವರ್‌ಗಳನ್ನು ಬಿಚ್ಚಿ ಜೋಡಿಸಿದ ಅನುಭವದಿಂದ ಹೇಳುತ್ತಿದ್ದೇನೆ.

ಮೊದಲ ವರ್ಷಗಳ ಎಂಜಿನ್ನುಗಳಲ್ಲಿ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್‌ನ ತುದಿ, ಅದು ಒತ್ತುವ ಗೈಡ್‌ನ (ಚೈನ್ ಜಾರುವ ಪಟ್ಟಿಯ) ಮೈಯನ್ನು ಕೊರೆದು ಗುಳಿ ಮಾಡುತ್ತದೆ. ಗುಳಿ ಆಳವಾದಷ್ಟೂ ಚೈನ್ ಸಡಿಲವಾಗುತ್ತದೆ, ಕ್ಯಾಮ್ ಮತ್ತು ಕ್ರ್ಯಾಂಕ್ ನಡುವಿನ ಹೊಂದಾಣಿಕೆ ತಪ್ಪುತ್ತದೆ, ನಿರ್ಲಕ್ಷಿಸಿದರೆ ವಾಲ್ವುಗಳಿಗೇ ಪೆಟ್ಟು. ಇದನ್ನು ಪತ್ತೆ ಮಾಡಲು ಮುಖ್ಯ ದಾರಿ: ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ನಿಮ್ಮ ಎದುರಿನಲ್ಲೇ ಮೊದಲ ಸಲ ಸ್ಟಾರ್ಟ್ ಮಾಡಿಸಬೇಕು. ನೀವು ಹೋಗುವ ಹೊತ್ತಿಗೆ ಬಾನೆಟ್ ಬೆಚ್ಚಗಿದ್ದರೆ ಅಂದು ಪರೀಕ್ಷೆ ಬೇಡ, ಇನ್ನೊಂದು ದಿನ ಹೋಗಿ. ಸ್ಟಾರ್ಟ್ ಆದ ಕೂಡಲೇ ಎಂಜಿನ್ನಿನ ಮುಂಭಾಗದಿಂದ ಟಕಟಕ ಬಡಿತ ಕೇಳಿ, ಬಿಸಿಯಾದಂತೆ ಕಡಿಮೆಯಾದರೆ ಚೈನ್ ಕೆಲಸ ಬಾಕಿ ಇದೆ ಎಂದೇ ತಿಳಿಯಿರಿ. ಸ್ಕ್ಯಾನರ್ ಹಾಕಿ ಕ್ಯಾಮ್ ಮತ್ತು ಕ್ರ್ಯಾಂಕ್ ಹೊಂದಾಣಿಕೆ ತಪ್ಪಿದ್ದನ್ನು ಸೂಚಿಸುವ ಪಿ0016ರಿಂದ ಪಿ0019ರವರೆಗಿನ ದೋಷ ಕೋಡ್‌ಗಳು ದಾಖಲಾಗಿವೆಯೇ ಎಂದೂ ನೋಡಬೇಕು. ನೀವು ಹೋಗುವ ಮುನ್ನವೇ ಕೋಡ್ ಅಳಿಸಿದ್ದರೆ ಸ್ಕ್ಯಾನರ್‌ನಲ್ಲಿ ಏನೂ ಕಾಣುವುದಿಲ್ಲ. ಆದ್ದರಿಂದ ಸ್ಕ್ಯಾನರ್‌ಗಿಂತ ಕಿವಿಯ ಮೇಲೆ ಹೆಚ್ಚು ನಂಬಿಕೆಯಿಡಿ.

ಎಂಜಿನ್ ಬಿಸಿಯಾಗಿ ಐಡಲಿಂಗ್‌ನಲ್ಲಿರುವಾಗ ಮೇಲ್ಭಾಗದಿಂದ ತಗಡಿನ ಡಬ್ಬಿಯಲ್ಲಿ ಗೋಲಿ ಕುಲುಕಿದಂತಹ ಸದ್ದು ಬಂದರೆ ಅದು ಬೇರೆ ದೋಷ. ಪುಲ್ಲಿಯ ತಿರುಗುವಿಕೆಯನ್ನು ಸೂಪರ್‌ಚಾರ್ಜರ್‌ನ ರೋಟರ್‌ಗಳಿಗೆ ಮುಟ್ಟಿಸುವ ಕಪ್ಲರ್ ಸವೆದಿದೆ ಎಂದರ್ಥ. ಬರೀ ಆ ಸದ್ದಿಗೆ ಹೆದರಿ ಕಾರನ್ನು ಬಿಡಬೇಕಾಗಿಲ್ಲ.

ನಿಜವಾದ ಭಯ ಎಂಜಿನ್ನನ್ನು ತಣ್ಣಗಿಡುವ ದ್ರವವಾದ ಕೂಲೆಂಟ್‌ನದು. ಟಾರ್ಚ್ ಹಿಡಿದು ಥ್ರಾಟಲ್ ಬಾಡಿಯ ಕೆಳಗೆ, ವಾಟರ್ ಪಂಪಿನ ಸುತ್ತ ನೋಡಿ. ಈ ಕಾರಿನ ಕೂಲೆಂಟ್ ಕಿತ್ತಳೆ ಬಣ್ಣದ್ದು. ಸೋರಿ ಒಣಗಿದ ಜಾಗದಲ್ಲಿ ಉಪ್ಪು ಕಟ್ಟಿದ ಹಾಗೆ ಬಿಳಿಚಿದ ಪದರ ಉಳಿದಿರುತ್ತದೆ, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ಮುಂದಿನ ಅಡ್ಡ ಪೈಪನ್ನೂ ಹಿಂದಿನ ಹೀಟರ್ ಪೈಪನ್ನೂ ಎರಡು ಪ್ಲಾಸ್ಟಿಕ್ ಹೋಳುಗಳನ್ನು ಬೆಸೆದು ಮಾಡಿದ್ದಾರೆ, ವರ್ಷಗಟ್ಟಲೆ ಕಾವು ತಿಂದ ಮೇಲೆ ಆ ಬೆಸುಗೆಯ ಗೆರೆಯಲ್ಲೇ ಸೀಳು ಬಿಡುತ್ತದೆ. ಹಿರಿಯೂರಿನ ಬಳಿ ಮಧ್ಯಾಹ್ನದ ಬಿಸಿಲಿನಲ್ಲಿ ಪೈಪ್ ಒಡೆದರೆ ಕೂಲೆಂಟ್ ಖಾಲಿಯಾಗಲು ಹೆಚ್ಚು ಹೊತ್ತು ಬೇಕಿಲ್ಲ, ಅಲ್ಯೂಮಿನಿಯಂ ಎಂಜಿನ್ ಒಮ್ಮೆ ಕಾದು ಹೋದರೆ ರಿಪೇರಿಯ ಖರ್ಚು ಕಾರಿನ ಬೆಲೆಯ ಹತ್ತಿರ ಹೋಗುತ್ತದೆ.

ಹಿಂದಿನ ಪೈಪನ್ನು ಬದಲಿಸಲು ಸೂಪರ್‌ಚಾರ್ಜರನ್ನು ಎತ್ತಲೇಬೇಕು, ಕಪ್ಲರ್‌ಗೂ ಅದನ್ನು ಎತ್ತಬೇಕು. ಇದು ನೇರವಾಗಿ ಸಿಲಿಂಡರ್‌ಗೇ ಪೆಟ್ರೋಲ್ ಸಿಂಪಡಿಸುವ ಎಂಜಿನ್ ಆದ್ದರಿಂದ ಇಂಟೇಕ್ ವಾಲ್ವುಗಳ ಬೆನ್ನಿಗೆ ಕಟ್ಟುವ ಮಸಿಯನ್ನು ತೆಗೆಯುವುದಕ್ಕೂ ಅದೇ ಜಾಗ ತೆರೆಯಬೇಕು. ಹೀಗಾಗಿ ಇವೆಲ್ಲವನ್ನೂ ವಾಟರ್ ಪಂಪ್ ಸಮೇತ ಒಂದೇ ಸಲ ಬಿಚ್ಚಿ ಮುಗಿಸುವುದು ಜಾಣತನ. ಸೂಪರ್‌ಚಾರ್ಜರ್‌ನೊಳಗಿನ ಪ್ರತ್ಯೇಕ ಎಣ್ಣೆಯನ್ನೂ ಆಗಲೇ ಬದಲಿಸಿ. ಗೇರ್‌ಬಾಕ್ಸ್ ಜ಼ಡ್‌ಎಫ್ ಕಂಪನಿಯ ಆರು ಗೇರಿನದು. ಅದರ ಎಣ್ಣೆ ಜೀವನಪೂರ್ತಿ ಬಾಳುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ, ಆದರೆ ಗೇರ್‌ಬಾಕ್ಸ್ ತಯಾರಿಸಿದವರೇ 80 ಸಾವಿರದಿಂದ 1.2 ಲಕ್ಷ ಕಿಲೋಮೀಟರಿನೊಳಗೆ ಬದಲಿಸಲು ಹೇಳುತ್ತಾರೆ.

ಇನ್ನೊಂದು ವಿಷಯ: ಬಾಡಿ ಪೂರ್ತಿ ಅಲ್ಯೂಮಿನಿಯಂ, ರಿವೆಟ್ ಮತ್ತು ಅಂಟಿನಿಂದ ಜೋಡಿಸಿದ್ದು. ಅಪಘಾತವಾದ ಮೇಲೆ ಮಾಮೂಲಿ ಟಿಂಕರಿಂಗ್ ಅಂಗಡಿಯಲ್ಲಿ ಬಡಿದು ವೆಲ್ಡ್ ಮಾಡಿಸಿದ ಗುರುತು ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡ.

ಹರಿಹರ_ಎಂಜಿನಿಯರ್, ಹರಿಹರ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಪುಲ್ಲಿಯ ಬಗ್ಗೆ ಕಾರಣಸಹಿತ ಒಂದಿಷ್ಟು ಸೇರಿಸುತ್ತೇನೆ. ಸಣ್ಣ ಪುಲ್ಲಿ ಹಾಕಿದರೆ ಸೂಪರ್‌ಚಾರ್ಜರ್ ಹೆಚ್ಚು ವೇಗದಲ್ಲಿ ತಿರುಗಿ ಹೆಚ್ಚು ಗಾಳಿಯನ್ನು ತಳ್ಳುತ್ತದೆ ನಿಜ, ಆದರೆ ಒತ್ತಿದ ಗಾಳಿ ಬಿಸಿಯೂ ಆಗುತ್ತದೆ. ಆ ಬಿಸಿಯನ್ನು ಇಳಿಸಲು ಈ ಕಾರಿನಲ್ಲಿ ನೀರು ಹರಿಯುವ ಎರಡು ಇಂಟರ್‌ಕೂಲರ್‌ಗಳೂ ಅವುಗಳಿಗೆಂದೇ ಬೇರೆ ವಿದ್ಯುತ್ ಪಂಪೂ ಇವೆ. ಏಪ್ರಿಲ್ ತಿಂಗಳ ದಾವಣಗೆರೆಯ ಬಿಸಿಲಿನಲ್ಲಿ, ಪಿ.ಬಿ. ರಸ್ತೆಯ ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗುವಾಗ ಈ ವ್ಯವಸ್ಥೆ ಮೂಲ ಪುಲ್ಲಿಯ ಶಾಖವನ್ನು ತಾಳಿಕೊಳ್ಳುವುದಕ್ಕೇ ಹೆಣಗಬೇಕು. ಗಾಳಿ ಬಿಸಿಯಾಗಿ ಎಂಜಿನ್ ನಾಕ್ ಆಗತೊಡಗಿದರೆ (ಸಿಲಿಂಡರಿನೊಳಗೆ ಇಂಧನ ತಾನಾಗಿಯೇ ಸಿಡಿಯತೊಡಗಿದರೆ) ಇಸಿಯು ತಾನೇ ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಸರಿಸಿ ಶಕ್ತಿಯನ್ನು ಕಡಿಮೆ ಮಾಡುತ್ತದೆ, ಅಂದರೆ ಪುಲ್ಲಿಗೆ ಕೊಟ್ಟ ಹಣದಿಂದ ಸಿಕ್ಕ ಶಕ್ತಿ ಬೇಸಿಗೆಯಲ್ಲಿ ಕೈಗೆ ಬರುವುದೇ ಇಲ್ಲ. ಆದ್ದರಿಂದ ಈ ಕಾರಿಗೆ ನಮ್ಮ ಕಡೆ ಮಾಡಿಸಬೇಕಾದ ಮೊದಲ ಮಾರ್ಪಾಡು ತಂಪು ಮಾಡುವ ಕಡೆಯದು: ಮುಂದೆ ಇಂಟರ್‌ಕೂಲರ್ ನೀರನ್ನು ತಣಿಸುವ ದೊಡ್ಡ ಹೀಟ್ ಎಕ್ಸ್‌ಚೇಂಜರ್, ಹೊಸ ಇಂಟರ್‌ಕೂಲರ್ ಪಂಪ್, ಮತ್ತು ಆ ಸರ್ಕ್ಯೂಟಿನೊಳಗೆ ಗಾಳಿ ಉಳಿಯದಂತೆ ಕೂಲೆಂಟ್ ತುಂಬುವುದು. ಆಮೇಲೆ ಒಂದು ಬೇಸಿಗೆ ಓಡಿಸಿ, ಸ್ಕ್ಯಾನರ್‌ನಲ್ಲಿ ಇಂಟೇಕ್ ಗಾಳಿಯ ಉಷ್ಣತೆ ಎಷ್ಟರ ಮಟ್ಟಿಗೆ ಏರುತ್ತದೆ ಎಂಬುದನ್ನು ಗಮನಿಸಿ ಪುಲ್ಲಿಯ ನಿರ್ಧಾರ ಮಾಡಬಹುದು.

ಪೆಟ್ರೋಲ್ ವಿಷಯವನ್ನೂ ಮರೆಯಬೇಡಿ. ಬಂಕ್‌ಗಳಲ್ಲಿ ಈಗ ಸಿಗುವ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿಗೆ ಮಾನದಂಡದ ಪ್ರಕಾರ 95 ಆಕ್ಟೇನ್ (ನಾಕಿಂಗ್ ತಡೆಯುವ ಗುಣದ ಅಳತೆ) ಇರಬೇಕು, ಆ ಮಟ್ಟಿಗೆ ನಾಕಿಂಗ್‌ಗೆ ಅನುಕೂಲವೇ. ಆದರೆ ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇರುವುದರಿಂದ ಇಂಜೆಕ್ಟರ್‌ಗಳು ಹೆಚ್ಚು ಇಂಧನ ಕೊಡಬೇಕು, ರೀಮ್ಯಾಪ್ ಮಾಡುವವರು ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಪೂರ್ಣ ಒತ್ತಡದಲ್ಲಿ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗುವುದಿಲ್ಲ. ವಿದೇಶದಿಂದ ತರಿಸಿದ ಸಿದ್ಧ ಟ್ಯೂನ್ ಫೈಲನ್ನು ಹಾಗೆಯೇ ತುಂಬಿಸುವುದು ಇದೇ ಕಾರಣಕ್ಕೆ ಅಪಾಯಕಾರಿ. ಎಥನಾಲ್ ತೇವವನ್ನು ಎಳೆದುಕೊಳ್ಳುವುದರಿಂದ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಇಟ್ಟು ತಿಂಗಳುಗಟ್ಟಲೆ ಕಾರನ್ನು ನಿಲ್ಲಿಸಬಾರದು.

ಕಾಗದಪತ್ರ_ಸಲಹೆ, ದಾವಣಗೆರೆ

ಯಂತ್ರದ ಕಡೆಯದನ್ನು ಮೇಲಿನವರು ಹೇಳಿದ್ದಾರೆ, ಕಾಗದದ ಕಡೆಯದು ನನ್ನಿಂದ. ನೋಂದಣಿ ಅವಧಿ ಮುಗಿದ ಕಾರನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ. ಆದ್ದರಿಂದ ಮಾರುವವರೇ ಮೊದಲು ಪುಣೆಯಲ್ಲಿ ಫಿಟ್‌ನೆಸ್ ಮಾಡಿಸಿ ನವೀಕರಿಸಲಿ, ಆಮೇಲೆ ಬೇರೆ ರಾಜ್ಯದಲ್ಲಿ ನೋಂದಾಯಿಸಲು ಬೇಕಾದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ತೆಗೆದುಕೊಡಲಿ ಎಂದು ಕರಾರಿನಲ್ಲೇ ಬರೆಸಿಕೊಳ್ಳಿ. 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿ 20 ವರ್ಷದೊಳಗಿರುವ ಆಮದು ಕಾರಿನ ನವೀಕರಣ ಶುಲ್ಕ 40 ಸಾವಿರ ರೂಪಾಯಿ, ದೇಶೀಯ ಕಾರಿಗೆ 5 ಸಾವಿರ. ಈ ಕಾರು ಪೂರ್ತಿ ಜೋಡಣೆಯಾಗಿಯೇ ಆಮದಾದದ್ದು. ನವೀಕರಣ 5 ವರ್ಷಕ್ಕೆ ಮಾತ್ರ. ಕೆಎ-17 ಸಂಖ್ಯೆ ಸಿಗಬೇಕಾದರೆ ಕರ್ನಾಟಕದ ಆಜೀವ ತೆರಿಗೆಯನ್ನೂ ಕಟ್ಟಬೇಕು. ಕಾರು ಹಳೆಯದಾದ್ದರಿಂದ ಅದು ಅಲ್ಪ ಮೊತ್ತವೆಂದು ಭಾವಿಸದೆ, ಮೊದಲೇ ನಮ್ಮ ಆರ್‌ಟಿಒ ಕಚೇರಿಯಲ್ಲಿ ಲೆಕ್ಕ ಹಾಕಿಸಿ, ಆ ಮೊತ್ತವನ್ನು ಕಾರಿನ ಬೆಲೆಯ ಜೊತೆಗೆ ಕೂಡಿಸಿ ನೋಡಿ.

ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನ್ವಯಿಸುತ್ತದೆ. ತಯಾರಕರು ಮೂಲದಲ್ಲಿ ನಮೂದಿಸಿ ಆರ್‌ಸಿಯಲ್ಲಿ ದಾಖಲಾದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5 ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಸದ್ದು ಮಾಡುವ ಸೈಲೆನ್ಸರ್ ಎಲ್ಲರ ಕಿವಿಗೂ ಬೀಳುತ್ತದೆ, ಜಯದೇವ ವೃತ್ತದಲ್ಲಿ ಒಮ್ಮೆ ನಿಂತರೆ ಸಾಕು. ಅದನ್ನು ನಿಮ್ಮ ಯೋಜನೆಯಿಂದ ತೆಗೆದುಬಿಡಿ. ವಿಮೆಯವರಿಗೆ ತಿಳಿಸದೆ ಎಂಜಿನ್ನಿನ ಶಕ್ತಿ ಹೆಚ್ಚಿಸಿದರೆ ಅಪಘಾತದ ದಿನ ಕ್ಲೇಮಿಗೆ ತಕರಾರು ಬರುತ್ತದೆ. ಐದು ವರ್ಷ ದಾಟಿದ ಕಾರಿನ ವಿಮಾ ಮೌಲ್ಯ ನೀವೂ ವಿಮಾ ಕಂಪನಿಯೂ ಒಪ್ಪಿ ನಿಗದಿಪಡಿಸುವಂಥದ್ದಾದ್ದರಿಂದ ಆ ಅಂಕಿಯನ್ನೂ ಕೊಳ್ಳುವ ಮುನ್ನವೇ ಮಾತಾಡಿಕೊಳ್ಳಿ.

ವಿದ್ಯಾನಗರ_ಕೆಎ17, ದಾವಣಗೆರೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸೈಲೆನ್ಸರ್ ಕೈಬಿಟ್ಟಿದ್ದೇನೆ, ಪುಲ್ಲಿಯನ್ನು ಮುಂದೂಡಿದ್ದೇನೆ. ನವೀಕರಣವನ್ನು ತಾವೇ ಮಾಡಿಸಿಕೊಡಲು ಮಾರುವವರು ಒಪ್ಪಿದ್ದಾರೆ. ಒಂದು ಪ್ರಶ್ನೆ ಉಳಿದಿದೆ: ಚೈನ್ ಬದಲಿಸಿದ್ದಾರೆ ಎಂದು ಅವರು ಬಾಯಿಮಾತಿನಲ್ಲಿ ಹೇಳುತ್ತಾರೆ, ಬಿಲ್ಲು ಸಿಗುತ್ತಿಲ್ಲ. ನಂಬಬಹುದೇ? ಕಾರಿಗೆ 20 ಇಂಚಿನ ಚಕ್ರಗಳಿವೆ, ನಮ್ಮ ರಸ್ತೆಗೆ ಅವು ತಾಳುತ್ತವೆಯೇ?

ಕೋಟೆನಾಡಿನ_ಮೆಕ್ಯಾನಿಕ್, ಚಿತ್ರದುರ್ಗ

ಬಿಲ್ಲಿಲ್ಲದಿದ್ದರೆ ಬದಲಿಸಿಲ್ಲವೆಂದೇ ಹಿಡಿದು ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ. ಗೈಡ್ ಹೊಸದೋ ಹಳೆಯದೋ ಎಂಬುದು ಮುಂದಿನ ಕವರ್ ಬಿಚ್ಚದೆ ಖಚಿತವಾಗುವುದಿಲ್ಲ, ಆ ಕವರ್ ಬಿಚ್ಚಲು ಮಾರುವವರು ಒಪ್ಪುವುದೂ ಇಲ್ಲ. ಚಕ್ರದ ವಿಷಯದಲ್ಲಿ, ಕಂಪನಿಯೇ ಈ ಮಾದರಿಗೆ ಕೊಡುತ್ತಿದ್ದ 19 ಇಂಚಿನವು ಸಿಕ್ಕರೆ ಹಾಕಿಸಿ. ಟೈರಿನ ಪಕ್ಕದ ಗೋಡೆ ಸ್ವಲ್ಪ ಎತ್ತರವಾಗುವುದರಿಂದ ಚಕ್ರ ಗುಂಡಿಗೆ ಬಿದ್ದಾಗ ರಿಮ್ ಬಾಗುವ ಸಂಭವ ಕಡಿಮೆ. ಕಾರನ್ನು ಪುಣೆಯಿಂದ ಓಡಿಸಿಕೊಂಡು ಬರಬೇಡಿ. ಫ್ಲಾಟ್‌ಬೆಡ್‌ನಲ್ಲಿ ನೇರವಾಗಿ ಬೆಂಗಳೂರಿನ ವರ್ಕ್‌ಶಾಪಿಗೇ ಇಳಿಸಿ, ಚೈನ್ ಮತ್ತು ಪೈಪುಗಳ ಕೆಲಸ ಮುಗಿದ ಮೇಲೆ ದಾವಣಗೆರೆಗೆ ತನ್ನಿ.